ರೋಗದ ಕಾಲದಲ್ಲಿ ನೆರೆಮನೆಯ ಬಾಗಿಲು

(ಮೊಹಲ್ಲಾ ಜಮಾಅತೊಂದು ಏರ್ಪಡಿಸಿದ್ದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಂಕ್ರಾಮಿಕ ರೋಗದ ಕಾಲದಲ್ಲಿ ಸಮುದಾಯಕ್ಕೆ ನೆರವಾಗುವ ಸರಳ ದಾರಿಗಳ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ಈ ವಿಷಯ ಈಗ ಯಾಕೆ ಎಂದು ನಾನು ಮರುಪ್ರಶ್ನೆ ಹಾಕಿದ್ದೆ. ಕೊರೋನಾವು ಜಾಗತಿಕ ತುರ್ತುಸ್ಥಿತಿಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2023ರ ಮೇ 5ರಂದು. ಮಾಸ್ಕುಗಳು ಕಪಾಟಿನ ಮೂಲೆ ಸೇರಿವೆ. ಆಗ ಹುಟ್ಟಿದ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಆದರೆ ನಿಮ್ಮ ಅಧ್ಯಕ್ಷರು ಕೊಟ್ಟ ಉತ್ತರ ನನ್ನನ್ನು ಸುಮ್ಮನಾಗಿಸಿತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ದು ಒಮ್ಮೆ ಸಾಕು ಎಂದರು ಅವರು.

ಹಾಗಾಗಿ ಬಂದಿದ್ದೇನೆ. ಆದರೆ ನನ್ನನ್ನು ಈ ವಿಷಯದ ತಜ್ಞನೆಂದು ಪರಿಚಯಿಸಿದ್ದು ಸರಿಯಲ್ಲ. ನಾನು ವೈದ್ಯನಲ್ಲ. ಕೆಲವು ವರ್ಷ ದರ್ಸ್‌ನಲ್ಲಿ ಕಿತಾಬು ಓದಿ, ಬಳಿಕ ಬಿ.ಎ. ಮುಗಿಸಿ, ಪತ್ರಿಕೆಯಲ್ಲಿ ಬರೆದು ಬದುಕುವವನು. ಅಷ್ಟಕ್ಕೂ, ಈ ವಿಷಯದಲ್ಲಿ ಮೊದಲ ಪರೀಕ್ಷೆಯಲ್ಲೇ ಸೋತವನು. ಆ ಸೋಲಿನ ಕಥೆಯಿಂದಲೇ ಆರಂಭಿಸುತ್ತೇನೆ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಪತ್ರಕರ್ತನೆಂಬ ಕಾರಣಕ್ಕೆ ನನ್ನ ಬಳಿ ಓಡಾಟದ ಪಾಸ್ ಇತ್ತು. ವಲಸೆ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದು ಹೋಗುವುದನ್ನು ಬರೆದೆ. ಹಸಿವಿನ ಬಗ್ಗೆ ಬರೆದೆ. ಜಮಾಅತ್‌ನ ಯುವಕರು ಬಿಪಿಎಲ್ ಕಾರ್ಡಿನ ಪಟ್ಟಿ ಹಿಡಿದು ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆಯ ಕಿಟ್ ಹಂಚಿದ್ದನ್ನೂ ಬರೆದೆ. ಆ ಲೇಖನಗಳಿಗೆ ಪ್ರಶಂಸೆಯೂ ಬಂತು. ನಮ್ಮ ಮನೆಯ ಗೋಡೆಗೆ ತಾಗಿಕೊಂಡೇ ಇರುವ ಮನೆಯಲ್ಲಿ ಒಬ್ಬ ಮಾಸ್ಟರ್ ಇದ್ದರು. ಖಾಸಗಿ ಶಾಲೆಯ ಶಿಕ್ಷಕ. ಹೆಂಡತಿ, ಇಬ್ಬರು ಮಕ್ಕಳು. ಎಪಿಎಲ್ ಕಾರ್ಡು. ಇಸ್ತ್ರಿ ಹಾಕಿದ ಅಂಗಿ. ಅವರ ಸಂಬಳ ನಿಂತಿತ್ತು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ನೆಪವಾಗಲಾರದು, ಯಾಕೆಂದರೆ ಶಾಲೆಗಳು ಮುಚ್ಚಿರುವುದು ಗೊತ್ತಿತ್ತು, ಖಾಸಗಿ ಶಾಲೆಯ ಸಂಬಳ ಮಕ್ಕಳ ಫೀಸಿನಿಂದ ಬರುತ್ತದೆಂಬುದೂ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡುವ ವ್ಯವಧಾನ ಇರಲಿಲ್ಲ, ಅಷ್ಟೆ.

ಏಪ್ರಿಲ್ ಕೊನೆಗೆ ರಮಝಾನ್ ಬಂತು. ಇಫ್ತಾರ್‌ಗೆ ಮುಂಚೆ ಪಕ್ಕದ ಮನೆಗೆ ತಟ್ಟೆ ಕಳುಹಿಸುವುದು ನಮ್ಮಲ್ಲಿ ರೂಢಿ. ಹೋದ ತಟ್ಟೆ ಬರಿದಾಗಿ ಮರಳುವುದಿಲ್ಲ ಎಂಬುದೂ ರೂಢಿಯೇ. ಉಮ್ಮ ಮೊದಲ ದಿನ ಕಳುಹಿಸಿದ ತಟ್ಟೆಯಲ್ಲಿ ನಾಲ್ಕು ಖರ್ಜೂರ ಮರಳಿ ಬಂತು. ಎರಡನೆಯ ದಿನ ಹಿತ್ತಿಲಿನ ಪೇರಳೆ. ಮೂರನೆಯ ದಿನವೂ ಪೇರಳೆ. ನಾಲ್ಕನೆಯ ದಿನ ತೊಳೆದು ಒರೆಸಿದ ತಟ್ಟೆಯಲ್ಲಿ ಒಂದು ಹಿಡಿ ಕರಿಬೇವಿನ ಸೊಪ್ಪು. ಉಮ್ಮ ಆ ಸೊಪ್ಪನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. “ಮೋನೇ, ಆ ಮನೆಯಲ್ಲಿ ಏನೂ ಇಲ್ಲ” ಎಂದರು.

ಶಾಲೆಯ ಮುಖ ನೋಡದ ನನ್ನ ಉಮ್ಮ ಒಂದು ತಟ್ಟೆಯಿಂದ ಓದಿದ್ದನ್ನು, ದಿನಕ್ಕೆ ಮೂರು ಪತ್ರಿಕೆ ಓದುವ ನಾನು ಓದಿರಲಿಲ್ಲ. ಹಸಿದ ನೆರೆಯವನನ್ನು ಬಿಟ್ಟು ಉಣ್ಣುವವನ ಬಗ್ಗೆ ಪ್ರವಾದಿಯವರು(ಸ) ಏನೆಂದಿದ್ದಾರೆಂಬುದು ಇಲ್ಲಿರುವ ಮಕ್ಕಳಿಗೂ ಬಾಯಿಪಾಠವಿದೆ. ನಾನದನ್ನು ಮದ್ರಸದಲ್ಲಿ ಇತರರಿಗೆ ಕಲಿಸಿದ್ದೆ ಕೂಡ.

ಮುಂದೇನಾಯಿತು ಎಂಬುದನ್ನೂ ಹೇಳಬೇಕು. ಕಿಟ್ ಒಂದನ್ನು ಅವರ ಮನೆಗೆ ತಲುಪಿಸೋಣ ಎಂದೆ. ಉಮ್ಮ ಬೇಡವೆಂದರು. ನನ್ನ ತಂಗಿಯ ಮಗಳಿಗೆ ಗಣಿತ ಹತ್ತುವುದಿಲ್ಲ, ಫೋನಿನಲ್ಲೇ ಕಲಿಸಿಕೊಡಬಹುದೇ ಎಂದು ಮಾಸ್ಟರ್ ಅವರನ್ನು ಕೇಳಲು ಹೇಳಿದರು. ನಾಲ್ಕು ತಿಂಗಳ ಫೀಸನ್ನು ಮುಂಗಡವಾಗಿಯೇ ಲಕೋಟೆಯಲ್ಲಿಟ್ಟು ಕೊಟ್ಟೆವು. ಅವರು ಎಣಿಸದೆ ಜೇಬಿಗಿಟ್ಟುಕೊಂಡರು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಪಾಠ ಶುರುವಾಯಿತು. ಅಂದ ಹಾಗೆ, ಇಂಥ ಹಣವನ್ನು ಝಕಾತ್‌ನ ಲೆಕ್ಕಕ್ಕೆ ಸೇರಿಸಬೇಡಿ; ಅದು ದುಡಿಮೆಯ ಕೂಲಿ. ಝಕಾತನ್ನೇ ಕೊಡುವುದಾದರೂ, ಪಡೆಯುವವನಿಗೆ ಇದು ಝಕಾತೆಂದು ಹೇಳಲೇಬೇಕೆಂಬ ಶರತ್ತಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಹೇಳದೆ ಕೊಡುವ ದಾರಿ ಧರ್ಮದಲ್ಲಿ ತೆರೆದೇ ಇರುವಾಗ, ಬಾಗಿಲಲ್ಲಿ ನಿಂತು ಹೆಸರು ಕೂಗಿ ಕೊಡುವ ಕ್ರಮವನ್ನು ನಾವು ಎಲ್ಲಿಂದ ಕಲಿತೆವು?

ಸಹೋದರರೇ, ನೆರವೆಂದ ಕೂಡಲೇ ನಮಗೆ ಹೊರಗೆ ಓಡುವುದೇ ನೆನಪಾಗುತ್ತದೆ. ವಾಹನ, ಕಿಟ್, ಬ್ಯಾನರ್, ಗುಂಪು. ಆದರೆ ಅಂಟುರೋಗದ ಕಾಲದಲ್ಲಿ ಮೊದಲ ನೆರವು ದೂರ ನಿಲ್ಲುವುದು. ಇದನ್ನು ಒಪ್ಪಿಕೊಳ್ಳಲು ನಮ್ಮಲ್ಲಿ ಎಷ್ಟು ಜಗಳವಾಯಿತೆಂಬುದು ನಿಮಗೆ ನೆನಪಿರಬಹುದು. 2020ರಲ್ಲಿ ಮಸೀದಿಗಳಲ್ಲಿ ಸಾಮೂಹಿಕ ನಮಾಝ್ ನಿಂತಾಗ, ಅಲ್ಲಾಹನ ಮನೆಗೆ ಹೋಗುವವನಿಗೆ ರೋಗದ ಭಯವೇ ಎಂದು ಸವಾಲು ಹಾಕಿದವರಿದ್ದರು. ಧೈರ್ಯದ ಮಾತಿನಂತೆ ಕೇಳಿಸಿತು ಅದು. ಆದರೆ ಉಮರ್(ರ)ರಿಗಿಂತ ಧೈರ್ಯವಂತರು ನಾವೇ?

ಹಿಜರಿ 18ರ ಸುಮಾರಿಗೆ, ಅಂದರೆ ಕ್ರಿ.ಶ. 639ರ ಹೊತ್ತಿಗೆ, ಸಿರಿಯಾ ಪ್ರಾಂತದಲ್ಲಿ ಅಮ್ವಾಸ್ ಎಂದು ಹೆಸರಾದ ಪ್ಲೇಗ್ ಹಬ್ಬಿತ್ತು. ಅತ್ತ ಪ್ರಯಾಣ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಸರ್ಗ್ ಎಂಬಲ್ಲಿ ಸುದ್ದಿ ತಲುಪಿತು. ಅವರು ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕರೆದು ಕೇಳಿದರು. ಅಭಿಪ್ರಾಯಗಳು ಒಡೆದವು. ಕೊನೆಗೆ ಕುರೈಶರ ಹಿರಿಯರು ಒಂದೇ ಧ್ವನಿಯಲ್ಲಿ ಮರಳಿ ಹೋಗೋಣವೆಂದಾಗ ಉಮರ್(ರ) ಹಿಂತಿರುಗಲು ನಿರ್ಧರಿಸಿದರು. ಸಿರಿಯಾದ ದಂಡನಾಯಕ ಅಬೂ ಉಬೈದಾ(ರ) ಕೇಳಿದ್ದು ನಮ್ಮವರು ಕೇಳಿದ ಪ್ರಶ್ನೆಯನ್ನೇ: ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ? ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬರ್ಥದಲ್ಲಿ ಉಮರ್(ರ) ಉತ್ತರಿಸಿದರು. ರೋಗವಿರುವ ನಾಡಿಗೆ ಹೋಗಬಾರದು, ಇರುವ ನಾಡಿನಲ್ಲಿ ರೋಗ ಬಂದರೆ ಅಲ್ಲಿಂದ ಪಲಾಯನ ಮಾಡಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದಾಗ ಚರ್ಚೆ ಮುಗಿಯಿತು. ಅಬೂ ಉಬೈದಾ(ರ) ತನ್ನ ಜನರ ಜೊತೆಗೇ ಉಳಿದು ಅದೇ ಪ್ಲೇಗಿನಲ್ಲಿ ನಿಧನರಾದರು. ಕೊನೆಗೆ ಅಧಿಕಾರ ವಹಿಸಿಕೊಂಡ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಿಗೆ ಚದುರಿಸಿದರು.

ಇನ್ನೊಂದು ಘಟನೆ ನನ್ನನ್ನು ಹೆಚ್ಚು ಕಾಡುತ್ತದೆ. ಸಹೀಹುಲ್ ಬುಖಾರಿಗೆ ಫತ್‌ಹುಲ್ ಬಾರಿ ಎಂಬ ವ್ಯಾಖ್ಯಾನ ಬರೆದ ಇಬ್ನು ಹಜರ್ ಅಸ್ಕಲಾನಿಯವರ ಹೆಸರು ಕೇಳದ ಮದ್ರಸ ವಿದ್ಯಾರ್ಥಿಯಿಲ್ಲ. ಅವರು ಪ್ಲೇಗಿನ ಕುರಿತೇ ‘ಬದ್ಲುಲ್ ಮಾಊನ್’ ಎಂಬ ಗ್ರಂಥ ಬರೆದರು. ತನ್ನ ಮೂವರು ಹೆಣ್ಣುಮಕ್ಕಳನ್ನು ಪ್ಲೇಗಿಗೆ ಕಳೆದುಕೊಂಡ ತಂದೆ ಅವರು. ಹಿಜರಿ 833ರಲ್ಲಿ, ಅಂದರೆ 1430ರಲ್ಲಿ, ಕೈರೋದಲ್ಲಿ ನಡೆದದ್ದನ್ನು ಅವರು ದಾಖಲಿಸಿದ್ದಾರೆ. ದಿನಕ್ಕೆ ಸಾಯುವವರ ಸಂಖ್ಯೆ 40ಕ್ಕಿಂತ ಕಡಿಮೆಯಿತ್ತು. ಮೂರು ದಿನ ಉಪವಾಸ ಆಚರಿಸಿ, ಮಳೆಗಾಗಿ ಪ್ರಾರ್ಥಿಸುವಾಗ ಮಾಡುವಂತೆ ಜನರೆಲ್ಲ ಮರುಭೂಮಿಯಲ್ಲಿ ಒಟ್ಟುಸೇರಿ ಪ್ರಾರ್ಥಿಸಿ ಮರಳಿದರು. ತಿಂಗಳು ಕಳೆಯುವ ಮುನ್ನ ಸಂಖ್ಯೆ ದಿನಕ್ಕೆ 1,000 ದಾಟಿತು. ಪ್ರಾರ್ಥನೆಯ ಶಕ್ತಿಯನ್ನು ಅನುಮಾನಿಸಿದವರಲ್ಲ ಅವರು. ಹೀಗೆ ಗುಂಪು ಸೇರುವುದನ್ನು ಒಪ್ಪಲಿಲ್ಲ, ಅಷ್ಟೆ. ವೈರಸ್ಸು, ಬ್ಯಾಕ್ಟೀರಿಯಾಗಳು ಪತ್ತೆಯಾಗುವುದಕ್ಕೆ ಶತಮಾನಗಳ ಮುಂಚೆ, ಲೆಕ್ಕ ಬರೆದಿಟ್ಟ ಒಬ್ಬ ಆಲಿಮ್ ನಮ್ಮ ಪರಂಪರೆಯಲ್ಲಿದ್ದರು ಎಂಬುದನ್ನು ಮಕ್ಕಳಿಗೆ ಹೇಳಿ.

ಆದ್ದರಿಂದ, ಜ್ವರ ಮತ್ತು ಕೆಮ್ಮು ಇರುವವನು ಜುಮಾಕ್ಕೆ ಬಾರದಿರುವುದು ಸೇವೆ. ಮದುವೆಯನ್ನು ಇಪ್ಪತ್ತು ಜನರಲ್ಲಿ ಮುಗಿಸುವುದು ಸೇವೆ. ಆದರೆ ಇಲ್ಲೊಂದು ನ್ಯಾಯದ ಪ್ರಶ್ನೆಯಿದೆ. ನಾಲ್ಕು ಕೋಣೆಗಳ ಮನೆಯವನಿಗೆ ಪ್ರತ್ಯೇಕವಾಗಿರು ಎನ್ನುವುದು ಸುಲಭ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಲೈನ್ ಮನೆಯವನಿಗೆ ಅದು ಅಪಹಾಸ್ಯ. ಅಂಥವನಿಗೆ ಬೇಕಾದದ್ದು ಉಪದೇಶವಲ್ಲ, ಒಂದು ಕೋಣೆ. 2021ರ ಏಪ್ರಿಲ್‌ನಲ್ಲಿ ಗುಜರಾತಿನ ವಡೋದರದ ಜಹಾಂಗೀರ್‌ಪುರದಲ್ಲಿ ಮಸೀದಿಯನ್ನೇ 50 ಹಾಸಿಗೆಗಳ ಕೊರೋನಾ ಕೇಂದ್ರವಾಗಿ ಮಾರ್ಪಡಿಸಲಾಯಿತು. ನಮ್ಮ ಮದ್ರಸ ಕಟ್ಟಡದಲ್ಲಿ ಎಷ್ಟು ಕೋಣೆಗಳಿವೆ, ಎಷ್ಟು ಶೌಚಾಲಯಗಳಿವೆ, ನೀರಿನ ವ್ಯವಸ್ಥೆ ಹೇಗಿದೆ? ಗಲ್ಫಿನಲ್ಲಿರುವವರು ಕಟ್ಟಿಸಿ ಬೀಗ ಹಾಕಿಟ್ಟ ಮನೆಗಳೆಷ್ಟು? ಆ ಬೀಗದ ಕೈ ಯಾರ ಬಳಿಯಿದೆ? ರೋಗ ಬಂದ ದಿನ ದುಬೈಗೆ ಫೋನು ಮಾಡಿ ಅನುಮತಿ ಕೇಳುವುದಕ್ಕಿಂತ ಈಗಲೇ ಕೇಳಿಡುವುದು ಲೇಸು.

ಕೋಣೆಯ ಜೊತೆಗೆ ಇನ್ನೊಂದು ಸಣ್ಣ ವಸ್ತು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್. 2021ರ ಎರಡನೆಯ ಅಲೆಯಲ್ಲಿ ಎಷ್ಟೋ ಮಂದಿ ಉಸಿರಾಟದ ತೊಂದರೆ ಗೊತ್ತಾಗುವ ಮೊದಲೇ ರಕ್ತದಲ್ಲಿ ಆಮ್ಲಜನಕ ಕುಸಿದು ಆಸ್ಪತ್ರೆಗೆ ತಡವಾಗಿ ತಲುಪಿದರು. 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಬೇಕೆಂಬ ಒಂದು ವಾಕ್ಯ ಗೊತ್ತಿದ್ದ ಮನೆಗೂ ಗೊತ್ತಿಲ್ಲದ ಮನೆಗೂ ನಡುವೆ ಜೀವದ ಅಂತರವಿತ್ತು. ಪ್ರತಿ ಮನೆಯೂ ಇದನ್ನು ಕೊಳ್ಳಬೇಕಿಲ್ಲ. ಬೀದಿಗೊಂದಿದ್ದು, ಒರೆಸಿ ಸ್ವಚ್ಛಗೊಳಿಸಿ ಮನೆಯಿಂದ ಮನೆಗೆ ಹೋಗುವಂತಿದ್ದರೆ ಸಾಕು. ತಾಯಂದಿರು ಗಮನಿಸಬೇಕು, ಬಣ್ಣ ಹಚ್ಚಿದ ಉಗುರಿನಲ್ಲೂ ಗಾಢ ಮೆಹಂದಿಯ ಬೆರಳಿನಲ್ಲೂ ಅಳತೆ ತಪ್ಪಬಹುದು. ಬಣ್ಣವಿಲ್ಲದ ಬೆರಳನ್ನೇ ಬಳಸಿ.

ಆ ಕಾಲದಲ್ಲಿ ಸತ್ತವರೆಲ್ಲ ಕೊರೋನಾದಿಂದಲೇ ಸಾಯಲಿಲ್ಲ. ತಲಪಾಡಿಯನ್ನು ನೆನಪಿಸಿಕೊಳ್ಳಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಕೇರಳದ ಗಡಿಯನ್ನು ಮುಚ್ಚಿತು. ಹಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಆ ಮಣ್ಣಿನ ರಾಶಿಯ ಆಚೆ ಉಳಿದರು. ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಮ್ ಕೋರ್ಟಿಗೂ ಹೋಯಿತು. ನ್ಯಾಯಾಲಯದ ಕೆಲಸವನ್ನು ನಾವು ಮಾಡಲಾರೆವು. ಆದರೆ ನಮ್ಮ ಮೊಹಲ್ಲಾದಲ್ಲಿ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗುವವರು ಯಾರು, ಇನ್ಸುಲಿನ್ ಬೇಕಾದವರು ಯಾರು, ಕ್ಷಯದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದವರು ಯಾರು, ಎಂಟನೇ ತಿಂಗಳ ಗರ್ಭಿಣಿ ಯಾರು ಎಂಬುದು ನಮಗೆ ಗೊತ್ತಿರಬಾರದೇ? ಮಸೀದಿಯ ಚಂದಾ ಪುಸ್ತಕದಲ್ಲಿ ಮನೆಗಳ ಪಟ್ಟಿಯಿದೆ, ಯಾರು ಎಷ್ಟು ತಿಂಗಳ ಬಾಕಿಯೆಂಬ ವಿವರವೂ ಇದೆ. ಆ ಪುಸ್ತಕ ರೋಗಿಗಳ ಬಗ್ಗೆ ಮಾತ್ರ ಮೌನವಾಗಿದೆ.

ಕರಾವಳಿಯ ನಮ್ಮ ಊರುಗಳಲ್ಲಿ ಇನ್ನೊಂದು ವರ್ಗವಿದೆ. ಮಕ್ಕಳೆಲ್ಲ ಗಲ್ಫಿನಲ್ಲಿರುವ, ದೊಡ್ಡ ಮನೆಯ ಒಂಟಿ ಹಿರಿಯರು. ಅವರನ್ನು ಬಡವರೆಂದು ಯಾರೂ ಎಣಿಸುವುದಿಲ್ಲ. 2020ರಲ್ಲಿ ವಿಮಾನಗಳು ನಿಂತಾಗ ಅವರಷ್ಟು ಬಡವರು ಯಾರೂ ಇರಲಿಲ್ಲ. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದದ್ದು ಮೇ 12ರಂದು. ಅಲ್ಲಿಯ ತನಕ ಹೆತ್ತವರ ಮಯ್ಯಿತನ್ನು ಮೊಬೈಲಿನ ಪರದೆಯಲ್ಲಿ ನೋಡಿದ ಮಕ್ಕಳಿದ್ದಾರೆ. ಇಂಥ ಹಿರಿಯರಿಗೆ ಬೇಕಾದದ್ದು ಅಕ್ಕಿಯಲ್ಲ. ದಿನಕ್ಕೊಂದು ಫೋನು. ಔಷಧದ ಚೀಟಿಯ ಫೋಟೋ ತೆಗೆದು ಅಂಗಡಿಗೆ ಹೋಗಿ ಬರುವ ಒಬ್ಬ ಹುಡುಗ. ಬೆಳಗ್ಗೆ ಹತ್ತಕ್ಕೆ ಮಾಡಿದ ಕರೆಗೆ ಉತ್ತರ ಬಾರದಿದ್ದರೆ ಹನ್ನೊಂದಕ್ಕೆ ಬಾಗಿಲು ತಟ್ಟುವ ಒಬ್ಬ ನೆರೆಯವನು. 2021ರಲ್ಲಿ ಲಸಿಕೆಗೆ ಕೋವಿನ್‌ನಲ್ಲಿ ಹೆಸರು ನೋಂದಾಯಿಸಬೇಕಾದಾಗ ಆರಂಭದಲ್ಲಿ ಅದು ಇಂಗ್ಲಿಷಿನಲ್ಲಿತ್ತು. ಮೊಬೈಲಿಗೆ ಒಟಿಪಿ ಬರಬೇಕು, ಅದನ್ನು ನಿಮಿಷಗಳೊಳಗೆ ತುಂಬಬೇಕು. ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ಓಣಿಯ ಅಜ್ಜಿಯರಿಗೆ ಈ ಕೆಲಸ ಮಾಡಿಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅವಳ ಖರ್ಚು ಸ್ವಲ್ಪ ಡಾಟಾ ಮತ್ತು ಬಹಳ ತಾಳ್ಮೆ.

ಈಗ ನಮಗೆ ಕಹಿಯಾದ ಮಾತೊಂದನ್ನು ಹೇಳಬೇಕಾಗಿದೆ. 2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಬಡಾವಣೆಯೊಂದರಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಅದೇ ತಿಂಗಳು ಪಾದರಾಯನಪುರದಲ್ಲಿ ಗಲಭೆಯಾಯಿತು. ಯಾಕೆ ಹೀಗಾಯಿತೆಂಬುದಕ್ಕೆ ಹಿನ್ನೆಲೆಯಿದೆ. ಆ ಚಳಿಗಾಲವಿಡೀ ಪೌರತ್ವ ಕಾಯ್ದೆ ಮತ್ತು ಎನ್‌ಆರ್‌ಸಿಯ ಆತಂಕದಲ್ಲಿ ಕಳೆದ ಜನರಿಗೆ, ಮನೆಗೆ ಬಂದು ಹೆಸರು, ಸಂಖ್ಯೆ ಬರೆದುಕೊಳ್ಳುವವರೆಲ್ಲ ಸಂಶಯಾಸ್ಪದರಾಗಿ ಕಂಡರು. ಭಯ ನಿಜವೇ. ಆದರೆ ಆ ಭಯವನ್ನು ತಿಂಗಳಿಗೆ ಕೆಲವೇ ಸಾವಿರ ರೂಪಾಯಿಯ ಗೌರವಧನಕ್ಕೆ ಬಿಸಿಲಿನಲ್ಲಿ ನಡೆಯುವ ಬಡ ಹೆಣ್ಣುಮಗಳ ಮೇಲೆ ಹೊರಿಸಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇದಕ್ಕಿರುವ ಪರಿಹಾರವಂತೂ ತೀರಾ ಸರಳ. ಮೊಹಲ್ಲಾದ ಪರಿಚಿತ ಮಹಿಳೆಯೊಬ್ಬಳು ಆಶಾ ಕಾರ್ಯಕರ್ತೆಯ ಜೊತೆಗೆ ಮನೆ ಮನೆಗೆ ನಡೆಯಬೇಕು. ‘ಇವರು ನಮ್ಮವರು, ಬಾಗಿಲು ತೆಗೆಯಿರಿ’ ಎಂದು ಒಬ್ಬರು ಹೇಳಿದರೆ ಎಷ್ಟು ಬಾಗಿಲುಗಳು ತೆರೆದುಕೊಳ್ಳುತ್ತವೆ! ಹೋಗುವಾಗ ಕುಡಿಯಲು ನೀರು ಕೊಡಿ, ನೆರಳಲ್ಲಿ ಐದು ನಿಮಿಷ ಕೂರಿಸಿ.

ವದಂತಿಯದ್ದೂ ಇದೇ ಕಥೆ. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲವೆಂಬ ಧ್ವನಿಸಂದೇಶ ನಿಮ್ಮೆಲ್ಲರ ಫೋನಿಗೂ ಬಂದಿತ್ತು. ಎಷ್ಟು ಮಂದಿ ಅದನ್ನು ಮುಂದಕ್ಕೆ ಕಳುಹಿಸಿದಿರಿ ಎಂದು ಕೈ ಎತ್ತಲು ಹೇಳುವುದಿಲ್ಲ. ಬೆರಳನ್ನು ತಡೆದು ಹಿಡಿಯುವುದಕ್ಕಿಂತ ಅಗ್ಗದ ಸಮಾಜಸೇವೆ ಬೇರೆಯಿಲ್ಲ. ಇನ್ನು, ನಮ್ಮಲ್ಲಿ ಪತ್ರಿಕೆಯ ಹತ್ತು ಲೇಖನ ಮಾಡದ್ದನ್ನು ಒಬ್ಬ ಖತೀಬರು ಎಲ್ಲರೆದುರು ತೋಳು ಚಾಚಿ ಲಸಿಕೆ ಹಾಕಿಸಿಕೊಂಡು ಮಾಡಿ ತೋರಿಸಿದರು. ಬರೆಯುವವನಾಗಿ ನನಗಿದು ಸ್ವಲ್ಪ ಮುಜುಗರದ ಸಂಗತಿ. ಇರಲಿ.

ಸಾವಿನ ವಿಷಯಕ್ಕೆ ಬರುತ್ತೇನೆ. ದೇಶದ ಮೊದಲ ಕೊರೋನಾ ಸಾವು ಸಂಭವಿಸಿದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಮಾರ್ಚ್ ತಿಂಗಳಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಮೃತದೇಹಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಸ್ನಾನ ಮಾಡಿಸುವುದು, ತಬ್ಬಿಕೊಳ್ಳುವುದು ಬೇಡ. ಮುಖ ತೋರಿಸಬಹುದು, ಮುಟ್ಟದೆ ಮಾಡುವ ಧಾರ್ಮಿಕ ವಿಧಿಗಳನ್ನು ನಡೆಸಬಹುದು ಎಂದು ಅದರಲ್ಲಿತ್ತು. ಇಷ್ಟಿದ್ದೂ, ಆ ಏಪ್ರಿಲ್‌ನಲ್ಲಿ ಮಂಗಳೂರಿನ ಸ್ಮಶಾನದೆದುರು ಹಿರಿಯ ಮಹಿಳೆಯೊಬ್ಬರ ಅಂತ್ಯಕ್ರಿಯೆಗೆ ಜನರು ಅಡ್ಡ ನಿಂತರು. ಕೊನೆಗೆ ಬಂಟ್ವಾಳದಲ್ಲಿ ಚಿತೆಗೆ ಜಾಗ ಸಿಕ್ಕಿತು. ಜೂನ್ ಕೊನೆಗೆ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆಯುವ ದೃಶ್ಯ ಹೊರಬಂದು ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಮೃತಪಟ್ಟರು. ಆ ದಿನಗಳಲ್ಲಿ ರಾಜ್ಯದ ಹಲವು ಊರುಗಳಲ್ಲಿ ಮುಸ್ಲಿಮ್ ಯುವಕರು ರಕ್ಷಾಕವಚ ತೊಟ್ಟು, ಮೃತರ ಧರ್ಮ ಕೇಳದೆ, ದಫನವನ್ನೂ ದಹನವನ್ನೂ ನೆರವೇರಿಸಿದರು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ.

ಆದರೆ ದಫನದ ಮರುದಿನ ಏನಾಗುತ್ತದೆ? ಮೊದಲ ರಾತ್ರಿ ಎಲ್ಲರೂ ಇದ್ದರು, ಮೂರನೆಯ ದಿನಕ್ಕೆ ಯಾರೂ ಇಲ್ಲ. ಸುಪ್ರೀಮ್ ಕೋರ್ಟಿನ 2021ರ ಆದೇಶದ ಬಳಿಕ ಕೊರೋನಾದಿಂದ ಮೃತಪಟ್ಟವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸರಕಾರ ಪ್ರತ್ಯೇಕವಾಗಿ 1 ಲಕ್ಷ ರೂಪಾಯಿ ಘೋಷಿಸಿತು. ಪಡೆಯಬೇಕಾದರೆ ಮರಣ ಪ್ರಮಾಣಪತ್ರ ಬೇಕು, ಪರೀಕ್ಷಾ ವರದಿ ಬೇಕು, ಬ್ಯಾಂಕ್ ಖಾತೆ ಬೇಕು. ಹೆಸರಿನ ಒಂದಕ್ಷರ ಆಧಾರ್‌ನಲ್ಲೊಂದು, ರೇಶನ್ ಕಾರ್ಡಿನಲ್ಲಿ ಇನ್ನೊಂದು. ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್‌ನಲ್ಲಿ ಕುಳಿತ ಹೆಣ್ಣುಮಗಳು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು? ತೀರಾ ಅಗತ್ಯಕ್ಕೆ ಹಗಲಿನಲ್ಲಿ ಹೊರಹೋಗಲು ಅನುಮತಿಯಿದೆ ಎಂಬುದು ಫಿಕ್ಹ್‌ನ ಮಾತು. ಎದೆಯಲ್ಲಿ ಬಲ ಇರಬೇಕಲ್ಲ? ನಮ್ಮ ಓಣಿಯಲ್ಲಿ ಅಂಗನವಾಡಿಯಿಂದ ನಿವೃತ್ತರಾದ ಹಿಂದೂ ಮಹಿಳೆಯೊಬ್ಬರು ಅಂಥ ಇಬ್ಬರ ಕಾಗದಪತ್ರ ಹಿಡಿದು ಕಚೇರಿಗೆ ಅಲೆದರು. ನಾಲ್ಕು ಸಲ, ತನ್ನದೇ ಬಸ್ ಖರ್ಚಿನಲ್ಲಿ. ಅವರ ಭಾವಚಿತ್ರ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನನ್ನ ಪತ್ರಿಕೆಯಲ್ಲೂ.

ಭಾವಚಿತ್ರದ ಮಾತು ಬಂದದ್ದರಿಂದ ಹೇಳುತ್ತೇನೆ. ಕಿಟ್ ಕೊಡುವ ನಾಲ್ಕು ಕೈಗಳು, ಪಡೆಯುವ ಒಂದು ತಗ್ಗಿದ ಮುಖ ಎಂಬ ಚಿತ್ರವನ್ನು ನಾವು ಸಾವಿರ ಸಲ ನೋಡಿದ್ದೇವೆ. ಲೆಕ್ಕ ತೋರಿಸಲು ಫೋಟೋ ಬೇಕು, ದಾನಿಗಳು ಕೇಳುತ್ತಾರೆ ಎನ್ನುತ್ತಾರೆ. ಅಕ್ಕಿಯ ಮೂಟೆಯ ಫೋಟೋ ತೆಗೆಯಿರಿ, ಅಂಗಡಿಯ ರಶೀದಿಯ ಫೋಟೋ ತೆಗೆಯಿರಿ. ಆ ಮುಖವನ್ನು ಬಿಟ್ಟುಬಿಡಿ. ಅವರ ಮಗ ನಾಳೆ ತರಗತಿಯಲ್ಲಿ ಕೂರಬೇಕು, ಮಗಳಿಗೆ ಸಂಬಂಧ ಕುದುರಬೇಕು.

ಕ್ಯಾಮರಾದ ಇನ್ನೊಂದು ರೂಪವೂ ಇದೆ, ಅದು ಹೆಚ್ಚು ಸೂಕ್ಷ್ಮವಾದದ್ದು. 2020ರಲ್ಲಿ ದೆಹಲಿಯ ತಬ್ಲೀಗಿ ಕೇಂದ್ರದ ಹೆಸರಿನಲ್ಲಿ ಇಡೀ ಸಮುದಾಯವನ್ನು ರೋಗದ ವಾಹಕರೆಂದು ಬಿಂಬಿಸಲಾಯಿತು. ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳುವ ಸ್ಥಿತಿ ಬಂತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳಾಗಿ ಆರಿಸಿಕೊಂಡಂತಿದೆ ಎಂದಿತು. ಆದರೆ ಟಿವಿಯಲ್ಲಿ ಆ ಸುದ್ದಿಗೆ ಮೊದಲಿನ ಸುದ್ದಿಯ ಕಾಲು ಭಾಗದ ಸದ್ದೂ ಇರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ, ಬೆಂಗಳೂರಿನ ಕೋವಿಡ್ ವಾರ್‌ರೂಮಿನಲ್ಲಿ ಹಾಸಿಗೆ ಹಂಚಿಕೆಯ ಅಕ್ರಮದ ಹೆಸರಿನಲ್ಲಿ ಸಂಸದರೊಬ್ಬರು ಮುಸ್ಲಿಮ್ ನೌಕರರ ಹೆಸರುಗಳನ್ನಷ್ಟೇ ಓದಿದರು. ಈ ಅವಮಾನಗಳ ಬಳಿಕ ನಮ್ಮ ಯುವಕರು ಶವ ಹೊತ್ತದ್ದನ್ನು, ಆಮ್ಲಜನಕ ಹಂಚಿದ್ದನ್ನು ‘ದ್ವೇಷಕ್ಕೆ ಕೊಟ್ಟ ಉತ್ತರ’ ಎಂದು ನಾವೆಲ್ಲ ಬಣ್ಣಿಸಿದೆವು. ನಾನೂ ಬರೆದೆ. ಇಂದು ಆ ಶೀರ್ಷಿಕೆಯ ಬಗ್ಗೆ ನನಗೆ ಸಮಾಧಾನವಿಲ್ಲ. ಆ ಹುಡುಗರಲ್ಲಿ ಒಬ್ಬನನ್ನು ನಾನು ಕೇಳಿದ್ದೆ, ಯಾಕೆ ಈ ಕೆಲಸಕ್ಕಿಳಿದೆ ಎಂದು. “ಆಂಬುಲೆನ್ಸಿನಿಂದ ಇಳಿಸಲು ಇನ್ನೊಬ್ಬ ಬೇಕಿತ್ತು, ನಾನು ಅಲ್ಲಿದ್ದೆ” ಎಂದ. ಅವನು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ದೇಶಪ್ರೇಮದ ಪರೀಕ್ಷೆಯನ್ನೂ ಬರೆಯುತ್ತಿರಲಿಲ್ಲ. ಸೇವೆಯನ್ನು ನಾವು ಪುರಾವೆಯಾಗಿ ಬಳಸಿದರೆ, ಪುರಾವೆ ಕೇಳುವ ಹಕ್ಕು ಅವರಿಗಿದೆಯೆಂದು ನಾವೇ ಒಪ್ಪಿದಂತಾಗುತ್ತದೆ. ಸುಳ್ಳು ಆರೋಪಕ್ಕೆ ಉತ್ತರವನ್ನು ಕಾನೂನಿನ ಮೂಲಕ, ಲೇಖನಿಯ ಮೂಲಕ ಕೊಡೋಣ. ಹಾಸಿಗೆ ಹಿಡಿದವನ ಮನೆಗೆ ಗಂಜಿ ಒಯ್ಯುವಾಗ ಆ ಲೆಕ್ಕಾಚಾರ ಬೇಡ.

ಸಮಯ ಮೀರುತ್ತಿದೆ. ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕದ ಮೇಜಿನಲ್ಲಿ ಎರಡು ನೋಟ್‌ಬುಕ್‌ಗಳಿವೆ. ಒಂದರಲ್ಲಿ ನಿಮ್ಮ ಬಳಿ ಇರುವುದನ್ನು ಬರೆಯಿರಿ: ವಾಹನ, ಖಾಲಿ ಕೋಣೆ, ಆಕ್ಸಿಮೀಟರ್, ಅರ್ಜಿ ತುಂಬಲು ಬರುವ ಅಕ್ಷರಜ್ಞಾನ, ದಿನಕ್ಕೆ ಅರ್ಧ ಗಂಟೆಯ ಬಿಡುವು, ಏನೇ ಆಗಲಿ. ಇನ್ನೊಂದನ್ನು ತೆರೆದಿಡುವುದಿಲ್ಲ. ಅದು ರೋಗಿಗಳ, ಒಂಟಿ ಹಿರಿಯರ ಪುಸ್ತಕ. ಅದು ಉಸ್ತಾದರ ಬಳಿ ಮತ್ತು ಮಹಿಳಾ ವಿಭಾಗದ ಒಬ್ಬ ಸಹೋದರಿಯ ಬಳಿ ಮಾತ್ರ ಇರುತ್ತದೆ. ಅವರ ಕಿವಿಯಲ್ಲಿ ಹೇಳಿ. ನಿಮ್ಮ ಮನೆಯ ಎಡಕ್ಕೂ ಬಲಕ್ಕೂ ಇರುವ ಮನೆಗಳು ಮುಸ್ಲಿಮರದ್ದಲ್ಲದಿದ್ದರೂ ಆ ಪುಸ್ತಕದಲ್ಲಿ ಅವರ ವಿವರಕ್ಕೆ ಜಾಗವಿದೆ. ಇಶಾ ಅದಾನ್‌ಗೆ ಇನ್ನು ಹತ್ತು ನಿಮಿಷವಿದೆ. ಪೆನ್ನುಗಳು ಮೂರೇ ಇರುವುದರಿಂದ ದಯವಿಟ್ಟು ಸಾಲಾಗಿ ಬನ್ನಿ.